ಕಿವಿ ಮೇಸ್ತ್ರಿ ಕಾರು ನೋಡಿದ್ದು

ಬೇಡ ಬೇಡ ಬೇಡ! ಕೀಲಿ ತಿರುಗಿಸಬೇಡ ಕಣೇ, ಇಳಿ ಕೆಳಗೆ! ಅಯ್ಯೋ, ಏನು ಅವಸರ ನಿಂಗೆ... ಎಂಜಿನ್ ಅಂದ್ರೆ ಏನಂದ್ಕೊಂಡಿದ್ದೀಯ, ಅಡುಗೆಮನೆ ಮಿಕ್ಸಿನಾ? ಬಾ ಇಲ್ಲಿ. ಬಾನೆಟ್ ಮೇಲೆ ಕೈ ಇಡು. ಬೆರಳಲ್ಲ, ಅಂಗೈ, ಪೂರ್ತಿ ಅಂಗೈ. ಹಾಂ. ಹೇಗಿದೆ? ಈ ಕಡೆ ಮುಖ ಮಾಡಿ ಹೇಳು. ತಣ್ಣಗಿದೆ... ಸರಿ, ಹಾಗಾದ್ರೆ ಈ ಕಾರು ಮಾರ್ತಿರೋ ಡಾಕ್ಟರು ಮರ್ಯಾದಸ್ಥರು. ಕೆಲವರು ಏನ್ಮಾಡ್ತಾರೆ ಗೊತ್ತಾ? ಗಿರಾಕಿ ಬರೋ ಮುಂಚೆ ಒಂದು ಸುತ್ತು ಓಡಿಸಿ ಬಿಸಿ ಮಾಡಿಟ್ಟಿರ್ತಾರೆ. ಬಿಸಿ ಎಂಜಿನ್ ಸುಳ್ಳು ಹೇಳುತ್ತೆ ಗುಬ್ಬಿ. ತಣ್ಣಗಿರೋ ಎಂಜಿನ್ನು ಆಗತಾನೇ ನಿದ್ದೆಯಿಂದ ಎದ್ದವರ ಹಾಗೆ, ನೋವು ಎಲ್ಲಿದ್ಯೋ ಅಲ್ಲೇ ನರಳುತ್ತೆ.

ಏನು? ಮೆತ್ತಗೆ ಮಾತಾಡಬೇಕಾ? ಯಾಕೆ, ಡಾಕ್ಟರಿಗೆ ಕೇಳ್ಸುತ್ತೆ ಅಂತಾನಾ? ಕೇಳ್ಸಲಿ ಬಿಡು! ಕಾಗದಪತ್ರ ತರ್ತೀನಿ ಅಂತ ಕ್ಲಿನಿಕ್ ಒಳಗೆ ಹೋದವರು, ಯಾರದ್ದೋ ದವಡೆ ಹಲ್ಲಿಗೆ ಕೈ ಹಾಕಿರಬೇಕು. ಇನ್ನರ್ಧ ಗಂಟೆ ಈ ಹಿತ್ತಲು ನಮ್ಮದೇ. ಮತ್ತೆ ನಾನು ಮೊದಲಿಂದಲೂ ಹೀಗೇ ಮಾತಾಡೋದು... ಇಲ್ವಾ? ಇಷ್ಟು ಜೋರಿರಲಿಲ್ವಾ? ವಯಸ್ಸಾಗ್ತಾ ಆಗ್ತಾ ಹೊಟ್ಟೆ ದೊಡ್ಡದಾದ ಹಾಗೆ ಗಂಟಲೂ ದೊಡ್ಡದಾಗುತ್ತೆ ಕಣೇ, ನಿಮ್ಮತ್ತೇನ ಕೇಳು. ಯಾಕೆ ನಗ್ತೀಯ? ಅರೆ, ಈಗ್ಯಾಕೆ ಮೂತಿಗೆ ಬಟ್ಟೆ ಕಟ್ಕೊಳ್ತೀಯ, ತೆಗಿ ಮೊದಲು. ಧೂಳೇನಿಲ್ಲ ಇಲ್ಲಿ. ದರೋಡೆಗೆ ಬಂದವಳ ಹಾಗೆ ಕಾಣ್ತೀಯ.

ಕಡ್ಡಿ ಎಳಿ. ಅದೇ, ಹಳದಿ ಹಿಡಿ ಇದೆಯಲ್ಲ, ಆಯಿಲ್ ಕಡ್ಡಿ. ಒರೆಸು. ಮತ್ತೆ ಒಳಗೆ ಬಿಡು, ಮತ್ತೆ ಎಳಿ. ಹೂಂ... ಕಪ್ಪಗಿದೆ, ಇರಲಿ, ದುಡಿಯೋರ ಕೈ ಕಪ್ಪಗೇ ಇರುತ್ತೆ. ಹಾಲು ಹಾಕಿದ ಕಾಫಿ ಬಣ್ಣ ಇದ್ದಿದ್ರೆ ಈಗಲೇ ಎದ್ದು ಹೋಗ್ತಿದ್ವಿ. ಯಾಕೆ ಹೇಳು? ಹಾಂ! ಎಣ್ಣೆಗೆ ನೀರು ಸೇರಿದೆ ಅಂತ. ಭೇಷ್! ಶಾಲೆ ಬಿಟ್ಟ ಮೇಲೆ ನನ್ನ ಗ್ಯಾರೇಜಲ್ಲಿ ಟೈರ್ ಮೇಲೆ ಕೂತು ಹೋಂವರ್ಕ್ ಮಾಡಿದ್ದು ಸುಮ್ನೆ ಹೋಗಿಲ್ಲ. ಆಯಿಲ್ ಮುಚ್ಚಳದ ಒಳಗೂ ನೋಡು, ಬಿಳೀ ನೊರೆ ಇಲ್ಲ. ಬ್ರೇಕ್ ಪೆಡಲ್ ರಬ್ಬರು ನೋಡಿದೆ, ಎಷ್ಟು ಸವೆಯಬೇಕೋ ಅಷ್ಟೇ ಸವೆದಿದೆ. ಅಂದ್ರೆ ಕಿಲೋಮೀಟರ್ ಕಮ್ಮಿ ತೋರಿಸೋಕೆ ಮೀಟರ್ ಹಿಂದಕ್ಕೆ ತಿರುಗಿಸಿಲ್ಲ. ಆದ್ರೂ ತಾಳು... ಮೇಲೆ ಥಳುಕು ಒಳಗೆ ಹುಳುಕು ಅಂತಾರಲ್ಲ, ಅದನ್ನ ಹಲ್ಲಿನ ಡಾಕ್ಟರಿಗೆ ಬೇರೆ ಹೇಳಿಕೊಡಬೇಕಾ!

ಇನ್ನು ಅಸಲು ಪರೀಕ್ಷೆ. ಕೂತ್ಕೋ ಒಳಗೆ. ನಾನು ಕೈ ಎತ್ತಿದಾಗ ಕೀಲಿ ತಿರುಗಿಸು. ನಾನು ಇಲ್ಲಿ, ಎಂಜಿನ್ ತಲೆ ಮೇಲೆ ಅಂಗೈ ಇಟ್ಟು... ಹಾಂ, ಈಗ!

ಆಹಾ! ಆಹಾಹಾ! ಒಂದೇ ಸಲಕ್ಕೆ! ಕೇಳಿದ್ಯಾ? ಹಾಲು ಕುಡಿದು ಮಲಗಿರೋ ಮಗು ಉಸಿರಾಡಿದ ಹಾಗೆ! ಒಂದು ಕೆಮ್ಮಿಲ್ಲ, ಒಂದು ಸೀನಿಲ್ಲ... ಯಾಕೆ ಹುಬ್ಬು ಗಂಟು ಹಾಕ್ತೀಯ? ಇಳಿದು ಬಾ, ಎಂಜಿನ್ ಓಡ್ತಾ ಇರಲಿ. ಆ ಸ್ಕ್ರೂಡ್ರೈವರ್ ಕೊಡು ಇಲ್ಲಿ. ಉದ್ದದ್ದು, ಮರದ ಹಿಡೀದು. ನಲವತ್ತು ವರ್ಷದ್ದು ಇದು, ನಿನಗಿಂತ ಹಿರಿದು. ತುದಿ ಎಂಜಿನ್ ಮೇಲೆ, ಹಿಡಿ ಕಿವಿಗೆ... ನೋಡ್ಕೋ, ಹೀಗೆ. ಊರಿನ ಗ್ಯಾರೇಜಿನೋರೆಲ್ಲ ಕೈಚೆಲ್ಲಿ ಕೂತಾಗ ಕಿವಿ ಮೇಸ್ತ್ರೀನ ಕರೀರಿ ಅಂತಿದ್ರಲ್ಲ, ಇದಕ್ಕೇ. ನಾಲ್ಕು ಸಿಲಿಂಡರ್ ನಾಲ್ಕು ಥರ ಮಾತಾಡುತ್ತೆ. ಒಂದು... ಚೆನ್ನಾಗಿದೆ. ಎರಡು... ಮೂರು... ಆಹಾ... ನಾಲ್ಕು. ಏನೂ ತೊಂದರೆ ಇಲ್ಲ. ಚಿನ್ನದಂಥ ಎಂಜಿನ್ನು!

ಇನ್ನೂ ಮುಖ ಸರಿಯಾಗಿಲ್ಲ ನಿಂದು. ತಾಳು, ಹಿಂದಗಡೆ ಹೋಗಿ ಹೊಗೆ ನೋಡ್ತೀನಿ. ನೀಲಿ ಹೊಗೆ ಬಂದ್ರೆ ಎಣ್ಣೆ ಕುಡೀತಿದೆ ಅಂತ, ಬಿಳೀದು ನಿಲ್ಲದೇ ಬಂದ್ರೆ ನೀರು ಕುಡೀತಿದೆ ಅಂತ. ಕುಡುಕನ್ನ ಉಸಿರಲ್ಲೇ ಹಿಡೀಬೇಕು ಗುಬ್ಬಿ! ಉಫ್... ಮಂಡಿ... ಕೂತ್ರೆ ಏಳಕ್ಕಾಗಲ್ಲ, ಎದ್ರೆ ಕೂರಕ್ಕಾಗಲ್ಲ. ಹೊಗೆ ಶುದ್ಧ. ಅಂಗೈಗೆ ಗಾಳಿ ಒಂದೇ ಸಮ ಹೊಡೀತಿದೆ. ಬೆರಳು ಹಾಕಿದ್ರೆ ಒಣ ಮಸಿ, ಜಿಡ್ಡಿಲ್ಲ. ಪಾಸು, ಪಾಸು!

ಅರೆ, ಯಾಕೆ ಬೆನ್ನು ತಟ್ಟಿದ್ದು? ಎದೆ ಧಸಕ್ ಅಂತು! ಕರೆದ್ಯಾ? ಮೂರು ಸಲ ಕರೆದ್ಯಾ? ಸೈಲೆನ್ಸರ್ ಒಳಗೆ ತಲೆ ಇಟ್ಕೊಂಡು ಕೂತಿರೋನಿಗೆ ಹೇಗೆ ಕೇಳ್ಸುತ್ತೆ ಹೇಳು. ಕೈ ಹಿಡಿದು ಎಬ್ಬಿಸು ಈಗ... ಹಾಂ. ನಡಿ, ಆ ಮೆಟ್ಟಿಲ ಮೇಲೆ ಕೂರೋಣ. ಕೀಲಿ ಆಫ್ ಮಾಡು, ಸುಮ್ನೆ ಪೆಟ್ರೋಲ್ ಯಾಕೆ ಸುಡೋದು.

ಏನು... ಆಗ್ಲೇ ಆಫ್ ಮಾಡಿದ್ಯಾ? ಅದೇ... ಗೊತ್ತು ಕಣೇ! ಗೊತ್ತಿಲ್ವಾ ನಂಗೆ? ನೀನು ಹುಷಾರಾಗಿದ್ದೀಯಾ ಅಂತ ನೋಡಿದೆ. ತಮಾಷೆ! ಹ್ಹ ಹ್ಹ... ನಗಬಾರದಾ ಸ್ವಲ್ಪ?

ಹೀಗೆ ಎದುರಿಗೆ ಕೂತ್ಕೋ, ಬೆಳಕು ನಿನ್ನ ಮುಖದ ಮೇಲಿರಲಿ. ಏನಂದೆ? ಗ್ಯಾರೇಜ್ ಯಾಕೆ ಮುಚ್ಚಿದ್ದಾ? ಅದೀಗ ಯಾಕೆ... ಹೇಳಿದ್ನಲ್ಲ, ಮಂಡಿನೋವು ಅಂತ. ಕಾರಿನ ಕೆಳಗೆ ನುಸುಳಿದ್ರೆ ಹೊರಗೆ ಬರೋಕೆ ಇಬ್ರು ಬೇಕು ಎಳೆಯೋಕೆ. ಬೇಸರ ಆಗಲ್ವಾ ಅಂತೀಯಾ? ಆಗುತ್ತೆ. ಸುಳ್ಳು ಯಾಕೆ ಹೇಳಲಿ, ತುಂಬ ಬೇಸರ ಆಗುತ್ತೆ. ಬೆಳಿಗ್ಗೆ ಎದ್ದು ಗ್ರೀಸ್ ಹತ್ತಿರೋ ಅಂಗಿಗೆ ಕೈ ಹಾಕ್ತೀನಿ, ನಿಮ್ಮತ್ತೆ ಒಗೆದು ಇಸ್ತ್ರಿ ಮಾಡಿರೋ ಅಂಗಿ ಕೊಡ್ತಾಳೆ. ಇಸ್ತ್ರಿ ಅಂಗಿ ಹಾಕ್ಕೊಂಡು ಕಿಟಕಿ ಹತ್ರ ಕೂತ್ರೆ ನನ್ನ ನೋಡೋಕೆ ಯಾರೋ ಹೆಣ್ಣಿನ ಕಡೆಯೋರು ಬರ್ತಾರೇನೋ ಅನ್ಸುತ್ತೆ!

ಏನು? ಈ ಕಾರು... ನಿಮ್ಮ ಮಗಳಿಗಾದ್ರೆ ಕೊಡಿಸ್ತಿದ್ರಾ ಅಂತನಾ? ಏನು ಮಾತೇ ಇದು! ನೀನು ಮಗಳಲ್ದೇ ಮತ್ತಿನ್ಯಾರು? ಆರು ವರ್ಷ ಆ ಮಡಚೋ ಮಂಚ ಹೆಗಲಿಗೆ ನೇತುಹಾಕ್ಕೊಂಡು, ಬಸ್ಸಲ್ಲಿ ಕಂಡಕ್ಟರ್ ಹತ್ರ ಬೈಸ್ಕೊಂಡು, ಮನೆಮನೆಗೆ ಹೋಗಿ ಎದ್ದು ಕೂರಲಾರದೋರ ಕೈಕಾಲು ಆಡಿಸಿ ಬರ್ತೀಯ. ಆ ಮಂಚ ಸೀದಾ ಡಿಕ್ಕಿಯಲ್ಲಿ ಮಲಗೋ ಕಾರೇ ಬೇಕು ಅಂತ ಹಟ ಹಿಡಿದೆ. ಕೂಡಿಟ್ಟಿದ್ದನ್ನೆಲ್ಲ ಇದೊಂದಕ್ಕೇ ಸುರೀತಿದ್ದೀಯ. ಡಾಕ್ಟರ ಮುಂದೇನೇ ಅಂದ್ಯಲ್ಲ, ‘ಮಾವ ಸರಿ ಅಂದ್ರೆ ತಗೊಳ್ತೀನಿ, ಇಲ್ಲಾಂದ್ರೆ ಇಲ್ಲ’ ಅಂತ. ನಂಗೆ ಎಷ್ಟು... ಎಷ್ಟು ಹೆಮ್ಮೆ ಆಯ್ತು ಗೊತ್ತಾ? ಎರಡು ವರ್ಷ ಆಗಿತ್ತು, ಯಾರಾದ್ರೂ ಹಾಗೆ ಅಂದು.

ಯಾಕೆ ಹಾಗೆ ನೋಡ್ತೀಯ? ಹೂಂ, ಹೇಳು... ಎಂಜಿನ್ ಸದ್ದು ನಿಜವಾಗ್ಲೂ ಕೇಳ್ಸ್ತಾ? ಇದೊಳ್ಳೇ ಕಥೆ! ಕೇಳ್ಸದೇ ಏನು! ಈ ಕಿವಿಗೆ ಹೂವಿಡೋ ಎಂಜಿನ್ ಇನ್ನೂ ಹುಟ್ಟಿಲ್ಲ! ಹಾಂ? ನಿನ್ನ ಮಾತಾ? ನಿನ್ನ ಮಾತೂ ಕೇಳ್ಸುತ್ತೆ. ಒಂದೊಂದಕ್ಷರ, ಗಂಟೆ ಬಾರಿಸಿದ ಹಾಗೆ ಕೇಳ್ಸುತ್ತೆ. ಇನ್ನೇನು ಬೇಕು ನಿಂಗೆ, ಬರೆದುಕೊಡ್ಲಾ?

ಓ, ಡಾಕ್ಟರು ಬಂದ್ರು. ಬನ್ನಿ ಬನ್ನಿ, ಹಲ್ಲು ಬಂತಾ? ಹ್ಹ ಹ್ಹ... ಏನು ಡಾಕ್ಟ್ರೇ, ಹಾಗ್ಯಾಕೆ ನಮ್ಮ ಹುಡುಗಿ ಮುಖಾನೇ ನೋಡ್ತಿದ್ದೀರ? ಏನಂದ್ರಿ? ಗಂಟಲು ಕಟ್ಟಿದ್ಯಾ ಅಂತನಾ? ಯಾರಿಗೆ, ಇವಳಿಗಾ? ಬಾಗಿಲಲ್ಲಿ ನಿಂತು ನೋಡ್ತಿದ್ರಾ... ಬಾಯಿ ಆಡ್ತಿದೆ, ಧ್ವನಿನೇ ಬರ್ತಿಲ್ಲ? ಎಲ್ಲಾದ್ರೂ ಉಂಟಾ! ಈಗ ತಾನೇ ಪಟಪಟ ಅಂತ ಹುರಿದ ಜೋಳದ ಹಾಗೆ ಮಾತಾಡ್ತಾ...

ಮಾತಾಡ್ತಾ...

ಗುಬ್ಬಿ?

ತಲೆ ಎತ್ತು. ಈ ಕಡೆ ನೋಡು. ನೀನು... ಧ್ವನಿ ಮಾಡದೇ... ಬರೀ ತುಟಿ ಆಡಿಸ್ತಿದ್ಯಾ? ಯಾವಾಗಿಂದ? ಈ ಮೆಟ್ಟಿಲ ಮೇಲೆ ಕೂತಾಗಿಂದ? ಗ್ಯಾರೇಜ್ ಯಾಕೆ ಮುಚ್ಚಿದ್ದು ಅಂದ್ಯಲ್ಲ, ಅದೂ? ನಿಮ್ಮ ಮಗಳಿಗಾದ್ರೆ ಅಂದ್ಯಲ್ಲ... ಅದೂನಾ? ಎಲ್ಲಾನೂ?

ಡಾಕ್ಟ್ರೇ, ನೀವೊಂದೈದು ನಿಮಿಷ ಒಳಗಿರ್ತೀರಾ? ದಯವಿಟ್ಟು. ಕಾರು ಚೆನ್ನಾಗಿದೆ, ಕಾರಿಂದೇನಿಲ್ಲ. ಇದು ಮನೆ ವಿಷಯ.

ಕಳ್ಳಿ! ಕಳ್ಳಿ ಕಣೇ ನೀನು! ಅತ್ತೆ ಹೇಳಿಕೊಟ್ಟು ಕಳಿಸಿದ್ಳಾ? ಇಲ್ವಾ? ನೀನಾಗೇ...? ಅವಳಿಗೆ ಗೊತ್ತಿಲ್ಲ ಅಂದ್ಕೊಂಡಿದ್ದೀನಿ. ಮದುವೆ ಆದಾಗಿಂದ ಅವಳ ಮಾತು ಕೇಳಿಸ್ಕೊಂಡೋನೇ ಅಲ್ಲವಲ್ಲ, ಅವಳಿಗೆ ವ್ಯತ್ಯಾಸ ಹೇಗೆ ತಿಳೀಬೇಕು... ನಗು, ನಗು. ಅಳಬೇಡ. ನೀನು ಅತ್ರೆ ನಾನು... ಅಳಬೇಡ ಅಂದೆ.

ಗ್ಯಾರೇಜಲ್ಲಿ ಎಲ್ರೂ ತುಟಿ ನೋಡೇ ಮಾತಾಡೋದು ಗುಬ್ಬಿ. ಎಂಜಿನ್ನುಗಳ ಗದ್ದಲದಲ್ಲಿ ಯಾರ ಕೂಗು ಯಾರಿಗೆ ಕೇಳ್ಸುತ್ತೆ? ಅದೇ ಅಭ್ಯಾಸ. ಹಾಗಾಗಿ ಕಿವಿ ಮೆಲ್ಲಮೆಲ್ಲಗೆ ಹೋಗ್ತಿದ್ದಿದ್ದು ನಂಗೇ ತಿಳೀಲಿಲ್ಲ. ತಿಳಿದಿದ್ದು ಬ್ರೆಡ್ ವ್ಯಾನಿನವನಿಂದ. ಹಳೇ ವ್ಯಾನ್ ತಗೊಳ್ತೀನಿ, ಒಂದ್ಸಲ ಕಿವಿ ಕೊಡಿ ಮೇಸ್ತ್ರಿ ಅಂದ. ಕೊಟ್ಟೆ. ಚಿನ್ನದಂಥ ಎಂಜಿನ್ನು ಅಂದೆ. ಹೌದು... ಇವತ್ತು ನಾನಂದ್ನಲ್ಲ, ಅದೇ ಮಾತು. ಒಂದೇ ವಾರಕ್ಕೆ ಒಳಗಿನ ರಾಡ್ ಮುರಿದು, ಎಂಜಿನ್ ಹೊಟ್ಟೆ ಸೀಳ್ಕೊಂಡು ಆಚೆ ಬಂತು. ಅವನೊಂದು ಮಾತು ಬಯ್ಯಲಿಲ್ಲ ಕಣೇ! ನಿಮಗೆ ಕೇಳ್ಸದೇ ಇದ್ದಿದ್ದು ಯಾರಿಗೆ ತಾನೇ ಕೇಳ್ಸುತ್ತಿತ್ತು ಬಿಡಿ ಅಂದ. ಬೈದಿದ್ರೆ ತಡ್ಕೊಳ್ತಿದ್ದೆ. ಅವತ್ತೇ ಶಟರ್ ಎಳೆದೆ, ತಪ್ಪೆಲ್ಲ ಮಂಡಿ ಮೇಲೆ ಹಾಕಿದೆ. ಪಾಪ ಮಂಡಿ.

ಕಿವಿ ಮೇಸ್ತ್ರಿ ಅಂತ ಹೆಸರು. ಕಿವಿ ತೆಗೆದುಬಿಟ್ರೆ ಮೇಸ್ತ್ರಿ ಅನ್ನೋದು ಎಷ್ಟು ಉಳೀತು ಹೇಳು?

ಅಷ್ಟೆಲ್ಲ ಗೊತ್ತಿದ್ದೂ ಇವತ್ತು ಬಂದೆ ನೋಡು. ನೀನು ಕರೆದಾಗ ಆಗಲ್ಲ ಅನ್ನೋಕೆ ಬಾಯೇ ಬರಲಿಲ್ಲ. ಕೈಯಲ್ಲಿ, ಕಣ್ಣಲ್ಲಿ, ಹೊಗೆಯಲ್ಲಿ ಹೇಗೋ ತೂಗಿಸ್ತೀನಿ ಅಂದ್ಕೊಂಡೆ. ಬೇರೆ ಯಾರಿಗೋ ಅಲ್ಲ, ನಿಂಗೆ! ಥೂ ನನ್ನ... ಬೈಯೇ ಒಂದ್ಸಲ. ಬೈದುಬಿಡು.

ಏನು? ಆವಾಗಿಂದ ಸದ್ದು ಇತ್ತಾ? ಸ್ಟಾರ್ಟ್ ಆದಾಗಿಂದ್ಲೂ? ಎಂಥದ್ದು, ಟಕ ಟಕ ಅಂತನಾ, ಗೊರ ಗೊರ ಅಂತನಾ? ಗೊರ ಗೊರ... ಅದಕ್ಕೇ ಹುಬ್ಬು ಗಂಟು! ಅದಕ್ಕೇ ಮೂರು ಸಲ ಕರೆದಿದ್ದು! ಅಯ್ಯೋ ಪೆದ್ದಿ, ಮೊದಲೇ ಹೇಳೋದಲ್ವಾ... ಹೇಳಿದ್ಯಾ. ಹೌದು. ಹೇಳಿದ್ಯಲ್ಲ.

ಏಳು. ಏಳು ಮೇಲೆ! ಕೀಲಿ ತಿರುಗಿಸಿ ಬಾ. ಜಡೆ ಹಿಂದಕ್ಕೆ ಹಾಕ್ಕೋ, ಅಂಗಿ ಒಳಗೆ ಸಿಕ್ಕಿಸು, ಬೆಲ್ಟಿಗೆ ಸಿಕ್ಕಿದ್ರೆ ನಿಮ್ಮಮ್ಮ ನನ್ನ ಬದುಕಿಸಲ್ಲ. ತಗೋ ಸ್ಕ್ರೂಡ್ರೈವರು. ಹಿಡಿ ಕಿವಿಗೆ ಒತ್ತು, ಇನ್ನೂ ಒತ್ತು. ಇದು ಬೆಲ್ಟ್ ಕಡೆ, ಈ ಸಣ್ಣ ರಾಟೆ ಕೂತಿರೋ ಬೋಲ್ಟ್ ಮೇಲೆ ತುದಿ ಇಡು. ಆಮೇಲೆ ಇಲ್ಲಿ, ಈ ಮುಚ್ಚಳದ ಮೇಲೆ, ಇದರೊಳಗೆ ಚೈನು. ಎಲ್ಲಿ ಜೋರು ಅಂತ ಹೇಳು. ಚೈನಾದ್ರೆ ಎಂಜಿನ್ನೇ ಬಿಚ್ಚಬೇಕು, ಡಾಕ್ಟರಿಗೆ ನಮಸ್ಕಾರ ಹೇಳಿ ಬಸ್ ಹತ್ತೋಣ. ರಾಟೆ ಆದ್ರೆ ಅರ್ಧ ದಿನದ ಕೆಲಸ, ನಾನೇ ಮಾಡಿಕೊಡ್ತೀನಿ. ಕೈಗೇನು ಕಿವುಡು ಬಂದಿಲ್ಲ.

ಅವಸರ ಬೇಡ. ಕಣ್ಣು ಮುಚ್ಕೋ, ನಾನು ಮುಚ್ಕೊಳ್ತಿದ್ದ ಹಾಗೆ... ಹಾಂ. ಅಲ್ಲಿ. ಈಗ ಮುಚ್ಚಳದ ಮೇಲೆ. ಇನ್ನೊಂದ್ಸಲ ರಾಟೆ.

ಶ್! ಧ್ವನಿ ಬೇಡ! ಡಾಕ್ಟರು ಮತ್ತೆ ಬಾಗಿಲಿಗೆ ಬಂದ್ರು ನೋಡು, ಕಿವಿ ಅಗಲ ಮಾಡ್ಕೊಂಡು. ಮುಂಚಿನ ಹಾಗೇ ಬರೀ ತುಟಿ ಆಡಿಸು. ಪಾಪ, ಎರಡು ಕಿವೀನೂ ಗಟ್ಟಿಯಾಗಿದೆ, ಆದ್ರೂ ಒಂದಕ್ಷರ ತಿಳಿಯಲ್ಲ ಅವರಿಗೆ! ಹ್ಹ ಹ್ಹ ಹ್ಹ... ಹೇಳು. ರಾಟೆ... ರಾಟೆನೇ? ಚೈನ್ ಕಡೆ ಏನೂ ಇಲ್ಲ? ಮುಚ್ಚಳದ ಮೇಲೆ ಬರೀ... ಏನಂದೆ? ಹಾಲು ಕುಡಿದು ಮಲಗಿರೋ ಮಗು...

ತಾಳು. ತಾಳು ಗುಬ್ಬಿ, ಕಣ್ಣು ಒರೆಸ್ಕೊಳ್ತೀನಿ. ಇನ್ನೊಂದ್ಸಲ ಹೇಳು, ನಿಧಾನಕ್ಕೆ. ಕಣ್ಣು ಮಂಜಾದ್ರೆ ನಂಗೆ ಕೇಳ್ಸಲ್ಲ.