ಡಮ್ಮಿ ಸಾಲುಗಳು

…ಅಲ್ಲ ಅಕ್ಕ, ನಗ್ತಿದ್ದೀಯಲ್ಲ, ಇದು ನಗೋ ವಿಷಯಾನಾ? ನಲವತ್ತು ವರ್ಷ ನಾಟಕಕ್ಕೂ ಸಿನಿಮಾಕ್ಕೂ ಹಾಡು ಬರೆದವನು ನಾನು. ಹೋದ ವಾರ ಥಿಯೇಟರಲ್ಲಿ ಕೂತು ನೋಡ್ತೀನಿ, ಪರದೆ ಮೇಲೆ ಲೈಟು ಹಿಡಿದವನ ಹೆಸರಿದೆ, ಊಟ ಬಡಿಸಿದವನ ಹೆಸರಿದೆ, ನನ್ನದಿಲ್ಲ. ಹಾಡು ಮಾತ್ರ ನನ್ನದು! ಸಾಹಿತ್ಯ ಅಂತ ಡೈರೆಕ್ಟರ್ ತನ್ನ ಬಾಮೈದನ ಹೆಸರು ಹಾಕ್ಕೊಂಡಿದ್ದಾನೆ.

ಫೋನ್ ಮಾಡಿ ಕೇಳಿದೆ. ಏನಂದ ಗೊತ್ತಾ? "ಸರ್, ನೀವು ಕೊಟ್ಟಿದ್ದು ಬರೀ ಡಮ್ಮಿ." ಡಮ್ಮಿಯಂತೆ! ಟ್ಯೂನಿನ ಅಳತೆ ಸಿಗಲಿ ಅಂತ ಸುಮ್ನೆ ತುಂಬೋ ಪದ, ಅಸಲಿ ಸಾಹಿತ್ಯ ಬಂದಮೇಲೆ ಎತ್ತಿ ಬಿಸಾಡೋದು… ನಿನಗೇನು ಹೇಳಿಕೊಡಬೇಕಾ. ಸರಿ, ಬಿಸಾಡಿದ್ರಾ? ಇಲ್ಲ. ಅದೇ ಪಲ್ಲವಿ, ಅದೇ ಚರಣ. ಬಾಮೈದ ಎರಡು ಕಡೆ "ಓಹೋ" ಸೇರಿಸಿದ್ದಾನೆ. ಗೆದ್ದಲು ಕಟ್ಟಿದ ಹುತ್ತಕ್ಕೆ ಹಾವು ಬಂದು ಸೇರ್ಕೊಂಡ ಹಾಗೆ.

ಯಾಕೆ ಬಾಗಿಲ ಕಡೆ ನೋಡ್ತೀಯ? ಜೋರಾಯ್ತಾ? ಪಕ್ಕದ ಮನೆಯವರೂ ಕೇಳಿಸ್ಕೊಳ್ಳಲಿ ಬಿಡು. ಹೊಟ್ಟೆ ಉರೀತಿದೆ ನಂಗೆ.

ನಾಳೆ ಬರಹಗಾರರ ಸಂಘದಲ್ಲಿ ವಿಚಾರಣೆ. ದೂರು ಬರೆದುಕೊಂಡೇ ಬಂದಿದ್ದೀನಿ. ಸಾಕ್ಷಿ ಬೇಕಂತೆ ಅವರಿಗೆ. ನಮ್ಮ ಕಂಪನಿಯ ನಾಟಕಗಳಿಗೆ ಇಪ್ಪತ್ತು ವರ್ಷ ಹಾರ್ಮೋನಿಯಂ ನುಡಿಸಿದವಳು ನೀನು, ಈ ಹಾಡು ಹುಟ್ಟಿದ್ದನ್ನೂ ಕಣ್ಣಾರೆ ಕಂಡವಳು. ನಿನ್ನ ಮಾತಿಗೆ ಅಲ್ಲಿ ತೂಕ ಇದೆ. ಒಂದು ಸಹಿ ಅಷ್ಟೇ. ತಗೋ ಪೆನ್ನು. ಕನ್ನಡಕ ಬೇಕಾ? ನಿಧಾನ ಓದು…

ಯಾವ ಸಾಲು? ಎಲ್ಲಿ ಬೆರಳಿಟ್ಟಿದ್ದೀಯ? "ಡಮ್ಮಿ ಎಂದು ಹಾಕಿದ್ದರೂ, ಆ ಪದ ಹಾಕಿದವರೇ ಹಾಡಿನ ಕರ್ತೃ." ಹೌದು. ಸರಿಯಾಗೇ ಇದೆಯಲ್ಲ. ಏನು ತಪ್ಪು ಅದರಲ್ಲಿ?

ಏನು ತಪ್ಪು ಅಂದೆ.

…ಅಕ್ಕ, ಅದು ಬೇರೆ. ಅದನ್ನ ಇದಕ್ಕೆ ಗಂಟು ಹಾಕಬೇಡ. ನನ್ನ ಮೊದಲನೇ ನಾಟಕ, ನಂಗೆ ಮೈಮೇಲೆ ಪ್ರಜ್ಞೆ ಇಲ್ಲದಷ್ಟು ಜ್ವರ, ಪ್ರದರ್ಶನಕ್ಕೆ ಹತ್ತೇ ದಿನ. ನಟರು ತಾಲೀಮಿಗೆ ಕಾಯ್ತಾ ಕೂತಿದ್ರು. ಅಭ್ಯಾಸಕ್ಕಿರಲಿ ಅಂತ ನೀನು ಹಾರ್ಮೋನಿಯಂ ಮುಂದೆ ಕೂತು ಆರು ಹಾಡಿಗೂ ಬಾಯಿಗೆ ಬಂದಿದ್ದು ತುಂಬಿದೆ. ಡಮ್ಮಿ ಅಂತ ನೀನೇ ಅಂದಿದ್ದು! ಎದ್ದಮೇಲೆ ನಾನು ತಿದ್ದಿದ್ದೀನಿ. ತಿದ್ದಿದ್ದೀನಿ ಅಲ್ವಾ? ಅಲ್ಲಲ್ಲಿ… ಹೌದು ಅನ್ನು.

ಯಾವತ್ತಾದ್ರೂ ಕೇಳಿದ್ಯಾ ನೀನು? ಬಾಯಿಬಿಟ್ಟು ಒಂದು ಸಲ? ಕೇಳಿದ್ರೆ ಹೆಸರು ಹಾಕಿಸ್ತಿರ್ಲಿಲ್ವಾ ನಾನು? ಆ ಹಾಡುಗಳನ್ನ ಕೇಳೇ ಸಿನಿಮಾದವರು ಮನೆ ಬಾಗಿಲಿಗೆ ಬಂದಿದ್ದು. ಕಾರು ಕಳಿಸಿ ಕರೀತಿದ್ದಾರೆ, ಆವಾಗ ಹೋಗಿ, ಸ್ವಾಮಿ, ಅವು ನಮ್ಮಕ್ಕನವು ಅಂತ… ಹೇಗನ್ನಲಿ? ನೀನೇ ಕಾಫಿ ತಂದುಕೊಟ್ಟೆ ಅವರಿಗೆ. ನೀನೂ ಏನೂ ಅನ್ನಲಿಲ್ಲ.

ಬೈದುಬಿಡು, ಅಕ್ಕ. ಹೀಗೆ ಕೂರಬೇಡ.

ಆ ಬೆರಳು ತೆಗಿ… ತೆಗಿ ಅಂದೆ.

ಸರಿ. ಆರು ಹಾಡೂ ನಿನ್ನವೇ. ಒಂದಕ್ಷರ ತಿದ್ದಲಿಲ್ಲ ನಾನು. "ಓಹೋ" ಕೂಡ ಸೇರಿಸಲಿಲ್ಲ. ಆಯ್ತಾ? ಇದನ್ನ ಕೇಳೋಕೇ ತಾನೇ ಇಷ್ಟು ವರ್ಷ ಕಾದಿದ್ದು? ಕೇಳಿಸ್ಕೊಂಡ್ಯಲ್ಲ.

ಈಗಲಾದ್ರೂ ಸಹಿ ಹಾಕು.