ಮೂರು ದಿನದ ಹಿಟ್ಟು

ಕರೆಂಟ್ ಹೋದರೆ ಊರು ಹೇಗೆ ಸುಧಾರಿಸಿಕೊಳ್ಳುತ್ತದೆಂದು ಸಂಶೋಧನೆ ಮಾಡಲು ವಿಶ್ವವಿದ್ಯಾಲಯದಿಂದ ಮಕ್ತಲ್‌ಗೆ ಬಂದಿದ್ದ ಸ್ರವಂತಿ, ಹಿಟ್ಟಿನ ಗಿರಣಿಯ ಮುಂದಿನ ನೂಕುನುಗ್ಗಲು ಕಂಡು ನಿಂತಳು. ಜೋಳದ ಡಬ್ಬಿ ಹಿಡಿದ ಹೆಂಗಸರಿಬ್ಬರು ಮಾತಿಗಿಳಿದಿದ್ದರು.

"ಯಾಕ್ರಿ ಗುರಮ್ಮಕ್ಕ, ಇವತ್ತ ಇಷ್ಟು ಮಂದಿ?"

"ಮೂರು ದಿನ ಕರೆಂಟ್ ಇರಂಗಿಲ್ಲಂತ, ಬುಗ್ಗಮ್ಮ."

"ಯಾರು ಹೇಳಿದ್ರು?"

"ಹಿಂದಿನ ಓಣ್ಯಾಗ ಕಾಲೇಜಿನ ಹುಡುಗಿ ಬಂದು ಕೇಳ್ಯಾಳ, ಮೂರು ದಿನ ಕರೆಂಟ್ ಹೋದ್ರ ಏನು ಮಾಡ್ತೀರಿ ಅಂತ."

"ಬರೇ ಕೇಳ್ಯಾಳಲ್ರಿ?"

"ಹೋಗಂಗಿಲ್ಲಂದ್ರ ಯಾಕ ಕೇಳ್ತಾಳ? ಅಷ್ಟು ಓದಿದಾಕಿ!"

"ಅದೂ ಖರೇನ."

ಸರದಿ ಮುಗಿದು ಹಿಟ್ಟು ಹೊತ್ತು ಹೊರಟ ಗುರಮ್ಮ ಸ್ರವಂತಿಯತ್ತ ತಿರುಗಿದಳು. "ನೀನೂ ಹುಷಾರಿರವ್ವ."

ಹಿಂದಿನ ಓಣಿಯಲ್ಲಿ ಕೇಳಿದವಳು ಸ್ರವಂತಿಯೇ. ಅವಳು ಚೀಲದಿಂದ ಪ್ರಶ್ನೆಗಳ ಹಾಳೆ ತೆಗೆದು ಮತ್ತೆ ಓದಿದಳು. ಪ್ರಶ್ನೆ ಬರೆದುಕೊಟ್ಟದ್ದು ಅವಳ ಪ್ರೊಫೆಸರ್. ಅವರಿಗೇನಾದರೂ ಗೊತ್ತಿತ್ತೇ?

ಪಕ್ಕದ ಅಂಗಡಿಯಲ್ಲಿ ಮೇಣದಬತ್ತಿ ಕೊಂಡಳು.