ರೇಷನ್ ಕಾರ್ಡಿಗೆ ಬರೆದ ಪತ್ರ

...ಅದು ನಿಮ್ಮ ಅಪ್ಪ ಹೇಳುವ ಕಥೆ. ಅಜ್ಜ ಸೋತು ರಾಜಕೀಯ ಬಿಟ್ಟರು ಎನ್ನುವುದು ತಪ್ಪು. ನಾನು ಸೋಲಲಿಲ್ಲ, ಎರಡನೆಯ ಸಲ ನಿಲ್ಲಲಿಲ್ಲ, ಅಷ್ಟೆ. ಎರಡಕ್ಕೂ ವ್ಯತ್ಯಾಸ ಉಂಟು. ನಿಖಿಲ್, ಮೊಬೈಲ್ ಕೆಳಗಿಡು. ಅನನ್ಯಾ, ನೇರ ಕುಳಿತುಕೋ. ಕೇಳುವುದಾದರೆ ಸರಿಯಾಗಿ ಕೇಳಬೇಕು.

ನನ್ನ ತಾಯಿ ಶಂಕರಪುರದಲ್ಲಿ ಮಲ್ಲಿಗೆ ಕಟ್ಟಿ ನನ್ನನ್ನು ಓದಿಸಿದರು. ಇದ್ದದ್ದು ಎರಡು ಅಂಗಿ. ಒಂದು ಒಗೆದರೆ ಇನ್ನೊಂದು. ಡಾಕ್ಟರ್ ಆದ ಮೇಲೆ ಮೊದಲ ಕೆಲಸ ಪೆರ್ಡೂರಿನ ಕಡೆಯ ಸರಕಾರಿ ಆಸ್ಪತ್ರೆಯಲ್ಲಿ. ಅಲ್ಲಿ ಎಂತ ಇತ್ತು? ಒಂದು ಮೇಜು, ಒಂದು ಸ್ಟೆತೊಸ್ಕೋಪು, ಎಕ್ಸ್‌ರೇ ಬೇಕಾದರೆ ಉಡುಪಿಗೆ ಬಸ್ಸು. ಆದ್ದರಿಂದ ಕಣ್ಣನ್ನೇ ನಂಬಬೇಕಾಗಿತ್ತು. ರೋಗಿ ಬಾಗಿಲಿನಿಂದ ಕುರ್ಚಿಯವರೆಗೆ ನಡೆದು ಬರುವಷ್ಟರಲ್ಲಿ ಅರ್ಧ ಕಾಯಿಲೆ ಗೊತ್ತಾಗಬೇಕು, ಇದು ನನ್ನ ನಿಯಮ. ಮುಂದೆ ಕಾಪುವಿನಲ್ಲಿ, ಇದೇ ಜಗಲಿಯಲ್ಲಿ, ಸ್ವಂತ ಕ್ಲಿನಿಕ್ ಇಟ್ಟು ಇಪ್ಪತ್ತೆಂಟು ವರ್ಷ ಅದೇ ನಿಯಮದಲ್ಲಿ ನಡೆಸಿದೆ. ಆಮೇಲೆ ಪಕ್ಷದವರು ಬಂದರು. "ಡಾಕ್ಟ್ರೇ, ನಿಮ್ಮ ಮದ್ದು ತಿನ್ನದ ಮನೆ ಈ ಕಡೆ ಉಂಟಾ? ನೀವು ನಿಂತರೆ ಸಾಕು." ನಿಂತೆ. ಜಿಲ್ಲಾ ಪಂಚಾಯತಿಗೆ ಗೆದ್ದೆ. ಗೆದ್ದ ಮರುದಿನದಿಂದ ಈ ಜಗಲಿ ಕ್ಲಿನಿಕ್ ಅಲ್ಲ, ಕಚೇರಿ. ಬೆಂಚು ಅದೇ, ಕುರ್ಚಿ ಅದೇ, ಹೊರಗೆ ಕೆಂಪು ಕ್ರಾಸಿನ ಡಾಕ್ಟರ್ ಬೋರ್ಡೂ ಅದೇ. ಬೋರ್ಡು ತೆಗೆಯಬೇಕಾಗಿತ್ತು. ತೆಗೆಯಲಿಲ್ಲ. ಅದು ಮೊದಲನೆಯ ತಪ್ಪು.

ಮಳೆಗಾಲ. ಒಂದು ಬುಧವಾರ, ಅಲ್ಲ, ಗುರುವಾರ; ಬುಧವಾರ ಪಂಚಾಯತ್ ಸಭೆ ಇತ್ತು. ಬೆಂಚಿನ ತುಂಬ ಜನ, ಎಲ್ಲರ ಕೈಯಲ್ಲೂ ಮನವಿ. ಒಬ್ಬನ ಕೈಯಲ್ಲಿ ಮಾತ್ರ ಕಾಗದ ಇಲ್ಲ. ಹನುಮಪ್ಪ ಎಂದು ಹೆಸರು, ಬಾಗಲಕೋಟೆ ಕಡೆಯವನು, ಉದ್ಯಾವರದಲ್ಲಿ ಕಟ್ಟುತ್ತಿದ್ದ ಒಂದು ಕಟ್ಟಡದ ಪಾಯದ ಹೊಂಡದಲ್ಲಿ ಕೆಲಸ. ನನ್ನ ಕಚೇರಿ ನೋಡಿಕೊಳ್ಳುತ್ತಿದ್ದವನು ಸುಧಾಕರ. ಒಳ್ಳೆಯವನು, ಆದರೆ ಅವನ ಬಾಯಿ ಅವನ ಕಿವಿಗಿಂತ ಮುಂದೆ ಓಡುತ್ತಿತ್ತು. ಅವನು ಕೇಳಿದ, "ಎಂತ ವಿಷಯ ಮಾರಾಯ? ಮನೆಯಾ, ರೇಷನ್ ಕಾರ್ಡಾ?" "ಡಾಕ್ಟರ್ ಸಾಹೇಬ್ರನ್ನ ನೋಡಬೇಕ್ರಿ." "ಇಲ್ಲಿ ಬಂದವರೆಲ್ಲ ಅವರನ್ನು ನೋಡಲಿಕ್ಕೇ ಬಂದದ್ದು. ರೇಷನ್ ಕಾರ್ಡ್ ಉಂಟಾ ನಿನಗೆ?" "ಇಲ್ರಿ." "ಹಾಗಾದರೆ ಮೊದಲೇ ಹೇಳುವುದಲ್ವಾ!" ಎಂದು ಅವನೇ ಪತ್ರ ಬರೆದು ನನ್ನ ಮುಂದೆ ಇಟ್ಟ. ನಾನು ತಲೆ ಎತ್ತಿ ನೋಡಿದೆ. ನೋಡಲಿಲ್ಲ ಎಂದರೆ ಸುಳ್ಳಾಗುತ್ತದೆ. ಕಣ್ಣು ಎರಡೂ ಕೆಂಪು. ಬೆಳಿಗ್ಗೆಯೇ ಕುಡಿದಿದ್ದಾನೆ ಎಂದುಕೊಂಡೆ. "ಇಲ್ಲಿಗೆ ಕುಡಿದು ಬರಬಾರದು" ಎಂದೆ. "ಕುಡಿದಿಲ್ರಿ ಸಾಹೇಬ್ರ..." ಎಂದು ಇನ್ನೂ ಎಂತದೋ ಹೇಳಲು ಹೊರಟ, ಅಷ್ಟರಲ್ಲಿ ನಾನು ಸಹಿ ಹಾಕಿ ಮುಂದಿನ ಕಾಗದ ಓದುತ್ತಿದ್ದೆ. ಅವನು ಗೋಡೆ ಹಿಡಿದುಕೊಂಡು ಮೆಟ್ಟಿಲು ಇಳಿದ. ಅದನ್ನೂ ನೋಡಿದೆ. ಪೆರ್ಡೂರಿನಲ್ಲಾಗಿದ್ದರೆ ಆ ಗೋಡೆ ಹಿಡಿದದ್ದೊಂದೇ ನನಗೆ ಸಾಕಾಗುತ್ತಿತ್ತು.

ಶನಿವಾರ ಬೆಳಿಗ್ಗೆ ನಾನು ಕಾರ್ಕಳಕ್ಕೆ ಹೊರಟು ನಿಂತಿದ್ದೆ. ಅಲ್ಲಿ ಪಕ್ಷದ ದೊಡ್ಡ ಸಭೆ. ವಿಧಾನಸಭೆಗೆ ಟಿಕೆಟ್ ಯಾರಿಗೆ ಎಂದು ನೋಡಲು ಬೆಂಗಳೂರಿನಿಂದ ನಾಯಕರು ಬರುವವರಿದ್ದರು, ನನ್ನ ಹೆಸರೂ ಲೆಕ್ಕದಲ್ಲಿತ್ತು. ಆಗ ಅಂಗಳದಲ್ಲಿ ಒಬ್ಬಳು ಹೆಂಗಸು, ಮಳೆಯಲ್ಲಿ ನೆನೆದು, ಕೈಯಲ್ಲಿ ನನ್ನ ಪತ್ರ. ಹನುಮಪ್ಪನ ಹೆಂಡತಿ, ಗಂಗವ್ವ. "ಏನ್ ಬರದು ಕೊಟ್ಟೀರಿ ಸಾಹೇಬ್ರ? ಎರಡು ದಿನ ಆತು, ಮೂರು ಔಷಧ ಅಂಗಡಿ ತಿರುಗೇನಿ. ಎಲ್ಲಾರೂ ಓದಿ ನಗ್ತಾರ. ಇದು ತಹಶೀಲ್ದಾರರಿಗೆ ಬರದದ್ದು, ಇದಕ್ಕ ಗುಳಿಗಿ ಬರಂಗಿಲ್ಲ ಅಂತಾರ. ಜ್ವರ ಬಂದೈತಿ ಅಂತ ನಾನೇ ಕಳಿಸಿದ್ದೆ, ಕೆಂಪು ಕ್ರಾಸಿನ ಬೋರ್ಡ್ ನೋಡಿ ಹೋಗು ಅಂತ!" ಅವಳಿಗೆ ಓದು ಬರುವುದಿಲ್ಲ. ಡಾಕ್ಟರ್ ಕೊಟ್ಟ ಚೀಟಿಯನ್ನು ಅವಳು ಮತ್ತೆಲ್ಲಿಗೆ ಒಯ್ಯಬೇಕು, ಹೇಳಿ.

ಬ್ಯಾಗು ಹುಡುಕಿದೆ. ಕಪಾಟಿನ ಮೇಲೆ ಧೂಳು ಹಿಡಿದಿತ್ತು. ಸುಧಾಕರ ಕಾರಿನ ಬಾಗಿಲು ಹಿಡಿದು ನಿಂತ. "ಸರ್, ಕಾರ್ಕಳ! ಸ್ಟೇಜಿನಲ್ಲಿ ನಿಮ್ಮ ಕುರ್ಚಿ ಉಂಟು." "ಯಾರಾದರೂ ಕೂರುತ್ತಾರೆ." "ಬೇರೆ ಡಾಕ್ಟರನ್ನು ಕಳಿಸುವ ಸರ್. ಇವರಿಗೆ ಇಲ್ಲಿ ಓಟು ಕೂಡ ಇಲ್ಲ." "ಕಾರಿಗೆ ಹತ್ತು, ಇಲ್ಲವೇ ದಾರಿ ಬಿಡು" ಎಂದೆ. ಹತ್ತಿದ. ಉದ್ಯಾವರದ ತಗಡಿನ ಶೆಡ್ಡಿನಲ್ಲಿ ಹನುಮಪ್ಪ ಮಲಗಿದ್ದ. ಕಣ್ಣಿನ ಕೆಂಪಿನ ಜೊತೆಗೆ ಈಗ ಹಳದಿ. ಕಾಲಿನ ಮೀನಖಂಡ ಒತ್ತಿದೆ, ಕೂಗಿಬಿಟ್ಟ. ನಿನ್ನೆಯಿಂದ ಮೂತ್ರ ಇಲ್ಲ ಎಂದಳು ಗಂಗವ್ವ. ಇಲಿ ಜ್ವರ. ಇಲಿ ಮೂತ್ರ ಸೇರಿದ ಹೊಂಡದ ನೀರಿನಲ್ಲಿ ಬರಿಗಾಲಲ್ಲಿ ನಿಂತವರಿಗೆ ಬರುವುದು. ನಮ್ಮ ಕಡೆ ಮಳೆಗಾಲದಲ್ಲಿ ಪ್ರತಿ ಡಾಕ್ಟರಿಗೂ ಗೊತ್ತಿರುವ ಕಾಯಿಲೆ. ಗುರುವಾರವೇ ಹಿಡಿದಿದ್ದರೆ ಬಹುಶಃ ಮಾತ್ರೆಯಲ್ಲೇ ಮುಗಿಯುತ್ತಿತ್ತು.

ಮಣಿಪಾಲದ ಆಸ್ಪತ್ರೆಗೆ ಒಯ್ದೆವು. ತುರ್ತು ವಿಭಾಗದಲ್ಲಿ ಒಬ್ಬಳು ಸಣ್ಣ ಪ್ರಾಯದ ಡಾಕ್ಟರ್, ನಿನ್ನಷ್ಟೇ ಇರಬಹುದು ಅನನ್ಯಾ, ಬರೆದುಕೊಳ್ಳುತ್ತಾ ಕೇಳಿದಳು, "ಮೊದಲು ಯಾರಿಗೆ ತೋರಿಸಿದ್ದರು?" ಸುಧಾಕರ ನಡುವೆ ಬಾಯಿ ಹಾಕಿದ, "ಯಾರಿಗೂ ಇಲ್ಲ ಮೇಡಂ, ಇವರು ತೋರಿಸುವುದೇ ಇಲ್ಲ." ಗಂಗವ್ವ ನನ್ನ ಮುಖ ನೋಡಿದಳು. ನಾನು ಸುಮ್ಮನಿದ್ದರೆ ಅಲ್ಲಿಗೇ ಮುಗಿಯುತ್ತಿತ್ತು. "ನನಗೆ ತೋರಿಸಿದ್ದರು, ಗುರುವಾರ" ಎಂದೆ. "ಏನು ಕೊಟ್ಟಿರಿ ಸರ್?" "ರೇಷನ್ ಕಾರ್ಡಿಗೆ ಶಿಫಾರಸು ಪತ್ರ." ಅವಳು ಪೆನ್ನು ನಿಲ್ಲಿಸಿದಳು. "ಬರೆದುಕೊಳ್ಳಮ್ಮ" ಎಂದೆ. "ಕಣ್ಣು ಕೆಂಪಿತ್ತು, ನಡಿಗೆ ಸರಿ ಇರಲಿಲ್ಲ, ಪರೀಕ್ಷೆ ಮಾಡಲಿಲ್ಲ. ಹಾಗೆಯೇ ಬರೆ."

ಡಯಾಲಿಸಿಸ್ ಶುರುವಾಯಿತು. ನಾನು ದಿನವೂ ಹೋಗಿ ಹೊರಗೆ ಕುಳಿತೆ. ನಡುವೆ ಒಂದು ದಿನ, ಅವನು ಉಳಿಯುವ ಭರವಸೆ ಇಲ್ಲ ಎಂದರು. ಗಂಗವ್ವ ಪಕ್ಕದಲ್ಲೇ ಇರುತ್ತಿದ್ದಳು. ನಾನು ಸಮಾಧಾನ ಹೇಳಲಿಲ್ಲ. ಹೇಳುವ ಹಕ್ಕು ನನಗಿರಲಿಲ್ಲ. ಎಂಟನೆಯ ದಿನ, ಅಲ್ಲ, ಒಂಬತ್ತನೆಯ ದಿನ, ನರ್ಸ್ ಹೊರಗೆ ಬಂದು ಮೂತ್ರ ಬಂತು, ಇನ್ನು ಉಳಿಯುತ್ತಾನೆ ಎಂದರು. ಆಗ ಗಂಗವ್ವ ನನ್ನ ಕಡೆ ತಿರುಗಿ, "ಅಲ್ರಿ ಸಾಹೇಬ್ರ, ಅವತ್ತ ನೀವು ಒಂದ್ ಮಾತ್ ಕೇಳಿದ್ರ ಆಗ್ತಿತ್ತಲ್ರಿ, ಏನಾಗೈತೋ ತಮ್ಮಾ ಅಂತ" ಎಂದಳು.

ಟಿಕೆಟ್ ಬೇರೆಯವರಿಗೆ ಹೋಯಿತು. ಅದಕ್ಕೆ ಬೇಸರ ಪಟ್ಟೆ. ಪಡಲಿಲ್ಲ ಎಂದು ದೊಡ್ಡಸ್ತಿಕೆ ಹೇಳುವುದಿಲ್ಲ. ಅವಧಿ ಮುಗಿಸಿದೆ, ಮತ್ತೆ ನಿಲ್ಲಲಿಲ್ಲ, ಈ ಬೆಂಚಿನ ಮೇಲೆ ಪುನಃ ರೋಗಿಗಳನ್ನೇ ಕೂರಿಸಿದೆ. ರಾಜಕೀಯ ಕೆಟ್ಟದ್ದು ಎಂದು ನಾನು ಹೇಳಿದೆ ಅಂತ ಎಲ್ಲಿಯೂ ಹೇಳಬೇಡಿ. ಹಳ್ಳ ದಾಟಲು ನಾನು ಮಾಡಿಸಿದ ಎರಡು ಕಾಲುಸಂಕ ಈಗಲೂ ಗಟ್ಟಿ ಉಂಟು. ತಪ್ಪಿದ್ದು ಬೇರೆ ಕಡೆ. ನನ್ನ ಹತ್ತಿರ ಕೊಡಲಿಕ್ಕೆ ಪತ್ರ ಇತ್ತು, ಆದ್ದರಿಂದ ಬಂದವನಿಗೆ ಪತ್ರವನ್ನೇ ಕೊಟ್ಟೆ. ಬಡಿಸುವವನು ಎಲೆ ನೋಡಿ ಬಡಿಸಬೇಕು, ಕೈಯಲ್ಲಿರುವ ಪಾತ್ರೆ ನೋಡಿ ಅಲ್ಲ. ಇಷ್ಟೇ. ಏಳಿ, ಊಟಕ್ಕೆ ಕೈಕಾಲು ತೊಳೆಯಿರಿ.